ಗೋಲ್‌ಕೀಪರ್ ಮೇಧಾಳೊಂದಿಗೆ ಕೊಮಾತ್ಸುವಿಗೆ

ನವೆಂಬರ್ ಕೊನೆಯ ಶುಕ್ರವಾರ, ಬೆಳಿಗ್ಗೆ ಏಳು ಗಂಟೆಗೆ ಹತ್ತು ನಿಮಿಷ ಬಾಕಿ ಇರುವಾಗ ನಾವು ಹಿಗಾಶಿ ಒಕಾಜಾಕಿ ನಿಲ್ದಾಣದಿಂದ ಹೊರಟೆವು. ನಾವು ಎಂದರೆ ನಾನು ಮತ್ತು ನನ್ನ ಅಕ್ಕನ ಮಗಳು ಮೇಧಾ. ನನ್ನ ಬೆನ್ನಿಗೆ ಎರಡು ಜೊತೆ ಬಟ್ಟೆಯ ಚೀಲ. ಅವಳ ಹೆಗಲಿಗೆ ಒಬ್ಬ ಮನುಷ್ಯ ಮುದುಡಿಕೊಂಡು ಮಲಗಬಹುದಾದಷ್ಟು ದೊಡ್ಡ ಕ್ರೀಡಾಚೀಲ. ಆ ಹೊತ್ತಿನಲ್ಲಿ ನಗೋಯಾಕ್ಕೆ ಹೋಗುವ ರೈಲಿನಲ್ಲಿ ಕಂಪನಿಗಳಿಗೆ ಹೊರಟವರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿರುತ್ತಾರೆ. ಅರ್ಧ ಗಂಟೆ ಅವಳು ಆ ಚೀಲವನ್ನು ಮೇಲೆ ಏರಿಸಲೂ ಆಗದೆ, ಕೆಳಗಿಡಲೂ ಆಗದೆ ಅಪ್ಪಿಕೊಂಡು ನಿಂತಳು. ಅದು ಯಾರಿಗೆ ತಾಗಿದರೂ ನಾನೇ ‘ಸುಮಿಮಾಸೆನ್’ ಎನ್ನುತ್ತಿದ್ದೆ. ನಗೋಯಾ ತಲುಪುವಷ್ಟರಲ್ಲಿ ಕ್ಷಮೆ ಕೇಳಿ ಕೇಳಿಯೇ ಸುಸ್ತಾಗಿತ್ತು.

ಮೇಧಾಳಿಗೆ ಇಪ್ಪತ್ಮೂರು ವರ್ಷ. ಹುಟ್ಟಿ ಬೆಳೆದದ್ದು ಕೆನಡಾದಲ್ಲಿ, ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಫುಟ್‌ಬಾಲ್ ಆಡುತ್ತಾಳೆ, ಗೋಲ್‌ಕೀಪರ್. ಜಪಾನ್ ಸಮುದ್ರದ ಕಡೆಯ ಇಶಿಕಾವಾ ಪ್ರಾಂತ್ಯದ ಒಂದು ಮಹಿಳಾ ತಂಡ ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುತ್ತಿದೆಯೆಂದು ವ್ಯಾಂಕೂವರಿನ ಏಜೆಂಟೊಬ್ಬ ಅವಳಿಗೆ ತಿಳಿಸಿದ್ದ. ಅದಕ್ಕಾಗಿ ನಾಲ್ಕು ದಿನದ ಹಿಂದಷ್ಟೇ ಬಂದಿಳಿದಿದ್ದಳು. ನಾನು ಒಂಬತ್ತು ವರ್ಷದಿಂದ ಒಕಾಜಾಕಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ನರಕೋಶಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಜಪಾನಿ ಭಾಷೆ ಬರುತ್ತದೆ. ಹಾಗಾಗಿ ಅಕ್ಕ ಮೈಸೂರಿನ ಕಾಲದ ಅದೇ ಹುಕುಂ ಧ್ವನಿಯಲ್ಲಿ ಫೋನು ಮಾಡಿ, “ನೀನೇ ಜೊತೆಗೆ ಹೋಗಿ ಬಾ ಸುಮಾ, ಅವಳಿಗೆ ಏನೂ ಅರ್ಥ ಆಗಲ್ಲ ಅಲ್ಲಿ” ಅಂದಳು. ಶುಕ್ರವಾರಕ್ಕೆ ರಜೆ ಹಾಕಿದೆ.

ನಗೋಯಾದಿಂದ ತ್ಸುರುಗಾವರೆಗೆ ಎಕ್ಸ್‌ಪ್ರೆಸ್ ರೈಲು, ಅಲ್ಲಿಂದ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು. ಕೊಮಾತ್ಸುವರೆಗೆ ಒಬ್ಬರಿಗೆ ಸುಮಾರು ಒಂಬತ್ತು ಸಾವಿರ ಯೆನ್. ನಿಲ್ದಾಣದ ಕೊಂಬಿನಿ ಅಂಗಡಿಯಲ್ಲಿ ನನಗೆ ಉಪ್ಪು ಹಾಕಿದ ಪ್ಲಮ್ ಹಣ್ಣಿನ ಅನ್ನದುಂಡೆ ಎರಡು, ಅವಳಿಗೆ ಬೇಯಿಸಿದ ಮೊಟ್ಟೆ ನಾಲ್ಕು ತೆಗೆದುಕೊಂಡೆ. ಮೈಬಾರಾ ನಿಲ್ದಾಣದಲ್ಲಿ ರೈಲು ಬಂದ ದಿಕ್ಕಿಗೇ ವಾಪಸು ಹೊರಡುತ್ತದೆ. ಅಲ್ಲಿ ಎಲ್ಲರೂ ಎದ್ದು ಸದ್ದಿಲ್ಲದೆ ಸೀಟುಗಳನ್ನು ತಿರುಗಿಸಿಕೊಂಡರು. ಮೇಧಾ ಅದನ್ನು ನೋಡಿ ಬಹಳ ಹೊತ್ತಿನ ಮೇಲೆ ನಕ್ಕಳು. ಆಮೇಲೆ ಮೊಟ್ಟೆ ಸುಲಿಯುತ್ತಾ ತನ್ನ ಕಥೆ ಹೇಳಿದಳು. ಅಕ್ಕನ ಬಾಯಲ್ಲಿ ಕೇಳಿದ್ದು ಬೇರೆ, ಅವಳ ಬಾಯಲ್ಲಿ ಕೇಳಿದ್ದು ಬೇರೆ.

ಹದಿನಾಲ್ಕಕ್ಕೆ ಪ್ರಾಂತ್ಯದ ತರಬೇತಿಗೆ ಆಯ್ಕೆಯಾದಳು. ಹದಿನೆಂಟಕ್ಕೆ ಅಮೆರಿಕದ ಒಹಾಯೊದ ಕಾಲೇಜೊಂದು ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಂಡಿತು. ಕೆನಡಾದ ಹುಡುಗಿಯರಿಗೆ ಆಗ ಅದೇ ದೊಡ್ಡ ದಾರಿ; ಸ್ವಂತ ದೇಶದಲ್ಲಿ ಹೆಂಗಸರಿಗೆ ವೃತ್ತಿಪರ ಲೀಗೇ ಇರಲಿಲ್ಲ. ಅವಳು ಓದು ಮುಗಿಸುವ ಹೊತ್ತಿಗೆ ಲೀಗ್ ಶುರುವಾಯಿತು. ಒಂದು ತಂಡ ಒಂದು ವರ್ಷದ ಕರಾರು ಕೊಟ್ಟಿತು. ಮನೆಯವರೆಲ್ಲ ಕುಣಿದರು, ಅಕ್ಕ ನನಗೆ ಫೋಟೋ ಕಳಿಸಿದಳು. ಆದರೆ ಆ ತಂಡದಲ್ಲಿ ಮೂವರು ಗೋಲ್‌ಕೀಪರ್‌ಗಳು. ಇವಳು ಮೂರನೆಯವಳು.

“ಚಿಕ್ಕಮ್ಮ, ನಂಗೆ ಎಷ್ಟು ಗೇಮ್ಸ್ ಸಿಕ್ತು ಗೊತ್ತಾ?” ಅಂದಳು. “ಒಂದು. ಅದೂ ಲಾಸ್ಟ್ ಟ್ವೆಂಟಿ ಮಿನಿಟ್ಸ್. ಫಸ್ಟ್ ಕೀಪರ್‌ಗೆ ಕಾಲು ಟ್ವಿಸ್ಟ್ ಆಯ್ತು, ಸೆಕೆಂಡ್ ಕೀಪರ್‌ಗೆ ಜ್ವರ.”

ವರ್ಷ ಮುಗಿದಾಗ ಕರಾರು ಮುಂದುವರಿಯಲಿಲ್ಲ. ಸ್ವೀಡನ್ನಿನಲ್ಲಿ ಒಂದು ವಾರ, ಪೋರ್ಚುಗಲ್ಲಿನಲ್ಲಿ ಹತ್ತು ದಿನ ಪ್ರಯತ್ನಿಸಿ ಬಂದಿದ್ದಳು. ಎರಡೂ ಕಡೆ ‘ತಿಳಿಸುತ್ತೇವೆ’ ಅಂದವರು ತಿಳಿಸಲಿಲ್ಲ. ಇದು ಮೂರನೆಯ ಪ್ರಯತ್ನ. ಇದೂ ಆಗದಿದ್ದರೆ ಜನವರಿಯಲ್ಲಿ ಫಿಸಿಯೋಥೆರಪಿ ಓದಲು ಅರ್ಜಿ ಹಾಕಬೇಕೆಂದು ಭಾವ ಹೇಳಿದ್ದರು. ಅವರು ಗದರಿಸಿ ಹೇಳುವವರಲ್ಲ. ಅರ್ಜಿ ನಮೂನೆಯನ್ನು ಮುದ್ರಿಸಿ ಅವಳ ಮೇಜಿನ ಮೇಲಿಟ್ಟಿದ್ದರಂತೆ.

ಕೆನಡಾದಂತೆ ಜಪಾನಿನಲ್ಲೂ ಆಟವನ್ನು ಸಾಕರ್ ಎಂದೇ ಕರೆಯುತ್ತಾರೆ, ಉಚ್ಚಾರ ಮಾತ್ರ ‘ಸಕ್ಕಾ’ ಎಂದಾಗ ಅವಳಿಗೆ ಖುಷಿಯಾಯಿತು. ಕೀಪರ್ ಎಂದರೆ ಹಿಂದೆ ನಿಂತು ಕಿರುಚುತ್ತಲೇ ಇರಬೇಕು, ಬಾಯಿಲ್ಲದ ಕೀಪರ್ ಅರ್ಧ ಕೀಪರ್ ಎಂದು ವಿವರಿಸಿದಳು. ಹಾಗಾಗಿ ಎಡಕ್ಕೆ ‘ಹಿದಾರಿ’, ಬಲಕ್ಕೆ ‘ಮಿಗಿ’, ಹಿಂದೆ ಎನ್ನಲು ‘ಉಶಿರೊ’ ಎಂದು ಹೇಳಿಕೊಟ್ಟೆ. ಮೊಟ್ಟೆಯ ಸಿಪ್ಪೆಗಳನ್ನು ತೊಡೆಯ ಮೇಲೆ ಆಟಗಾರರಂತೆ ಜೋಡಿಸಿಕೊಂಡು ಪಿಸುಗುಟ್ಟುತ್ತಾ ಕಲಿತಳು. ತ್ಸುರುಗಾದಲ್ಲಿ ರೈಲು ಬದಲಿಸಲು ಇದ್ದದ್ದು ಎಂಟೇ ನಿಮಿಷ. ಆ ಚೀಲದೊಂದಿಗೆ ಮೆಟ್ಟಿಲು ಹತ್ತಿ ಓಡಿ, ಬಾಗಿಲು ಮುಚ್ಚುವ ಮುಂಚೆ ಒಳಗೆ ಬಿದ್ದೆವು. ಆಮೇಲೆ ಕೊಮಾತ್ಸು ಬರುವವರೆಗೂ ಇಬ್ಬರೂ ಬಾಯಿ ತೆರೆದುಕೊಂಡು ನಿದ್ದೆ ಹೊಡೆದೆವು.

ಕೊಮಾತ್ಸುವಿನಲ್ಲಿ ಇಳಿದಾಗ ಆಕಾಶ ಸೀಸದ ಬಣ್ಣಕ್ಕಿತ್ತು. ಒಕಾಜಾಕಿಯ ಚಳಿಗಾಲದಲ್ಲಿ ಬಿಸಿಲಿರುತ್ತದೆ. ಬೆಟ್ಟ ದಾಟಿ ಈ ಕಡೆ ಬಂದರೆ ಮಳೆ, ಆಲಿಕಲ್ಲು, ಗುಡುಗು. ನಿಲ್ದಾಣದ ಪಕ್ಕದಲ್ಲಿ ಪ್ರದರ್ಶನಕ್ಕೆಂದು ಮನೆಯಷ್ಟೆತ್ತರದ ಗಣಿ ಲಾರಿಯೊಂದನ್ನು ನಿಲ್ಲಿಸಿದ್ದಾರೆ. ಅದರ ಚಕ್ರದ ಪಕ್ಕ ಮೇಧಾ ಫೋಟೋ ತೆಗೆಸಿಕೊಂಡಳು. ಹೋಟೆಲಿನ ಕೋಣೆ ಎರಡು ಹಾಸಿಗೆಗಳ ನಡುವೆ ಅವಳ ಚೀಲ ಇಟ್ಟರೆ ನಡೆಯಲು ಜಾಗವಿಲ್ಲದಷ್ಟು ಚಿಕ್ಕದು. ಸ್ವಾಗತ ಮೇಜಿನ ಮುದುಕ, ಗುಡುಗಿಗೆ ಬೆಚ್ಚಿದ ನಮ್ಮನ್ನು ನೋಡಿ, “ಬೂರಿ ಮೀನು ಬರುವ ಕಾಲದ ಗುಡುಗು, ಹೆದರಬೇಡಿ” ಎಂದು ಸಮಾಧಾನ ಹೇಳಿದ.

ಮರುದಿನ ಶನಿವಾರ ಆಯ್ಕೆ. ಮೈದಾನ ನೋಮಿ ಊರಿನ ಕಡೆ, ಗುಡ್ಡದ ಅಂಚಿನಲ್ಲಿ; ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷ. ದಾರಿಯಲ್ಲಿ ಚಾಲಕ ನನ್ನನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿನಿ ಎಂದುಕೊಂಡ. ನಲವತ್ತೆರಡು ವರ್ಷದ ನನಗೆ ಅದನ್ನು ತಿದ್ದಲೂ ಉಮೇದಿರಲಿಲ್ಲ. ಮೈದಾನದ ಪಕ್ಕದ ಟೆಂಟಿನಲ್ಲಿ ಹೆಸರಿನ ಪಟ್ಟಿ ಹಿಡಿದಿದ್ದ ಹುಡುಗಿ ‘ಮೇಧಾ’ ಎಂದರೆ ‘ಮಾಯೆದಾ’ ಎಂದು ಕೇಳಿಸಿಕೊಂಡು ಬಹಳ ಹೊತ್ತು ಹುಡುಕಿದಳು. ಮಾಯೆದಾ ಈ ಸೀಮೆಯನ್ನು ಆಳಿದ ಹಳೆಯ ದೊರೆಗಳ ಮನೆತನದ ಹೆಸರು. ಕೊನೆಗೆ ಪಟ್ಟಿಯ ತುದಿಯಲ್ಲಿ ಸಿಕ್ಕಿತು: ಇಪ್ಪತ್ತೇಳನೆಯ ನಂಬರಿನ ಅಂಗಿ.

ಆಮೇಲೆ ಆ ಹುಡುಗಿ ಎರಡು ಹಾಳೆಯ ಫಾರಂ ಕೊಟ್ಟಳು. ಮೇಧಾ ಬೆಂಚಿನ ಮೇಲೆ ಕೂತು ಬೆರಳುಗಳಿಗೆ ಟೇಪು ಸುತ್ತಿಕೊಳ್ಳುತ್ತಿದ್ದಳು. ನಾನು ಅವಳ ಪರವಾಗಿ ತುಂಬಿದೆ. ಎತ್ತರ, ತೂಕ, ಹಿಂದಿನ ತಂಡಗಳು. ಎರಡನೆಯ ಹಾಳೆಯ ತಲೆಬರಹ ಓದಿ ಕೈ ನಿಂತಿತು. ‘ಹಗಲಿನ ಉದ್ಯೋಗದ ಬಗ್ಗೆ ನಿಮ್ಮ ಅಪೇಕ್ಷೆ’ ಎಂದಿತ್ತು. ಕೆಳಗೆ ಚೌಕಗಳು: ವೃದ್ಧರ ಆರೈಕೆ ಕೇಂದ್ರ, ಸಿಹಿತಿಂಡಿ ಪ್ಯಾಕಿಂಗ್, ಕಚೇರಿ ಸಹಾಯಕಿ. ಕಡೆಯ ಚೌಕ, ‘ಯಾವುದಾದರೂ ಸರಿ’. ಅಂದರೆ ಈ ತಂಡ ಆಡಿದ್ದಕ್ಕೆ ಸಂಬಳ ಕೊಡುವುದಿಲ್ಲ. ತಂಡಕ್ಕೆ ನೆರವಾಗುವ ಊರಿನ ಯಾವುದಾದರೂ ಕಡೆ ಹಗಲು ದುಡಿದು, ಸಂಜೆ ಅಭ್ಯಾಸ ಮಾಡಬೇಕು. ‘ಪೂರಾ ವೃತ್ತಿಪರ ವಾತಾವರಣ’ ಎಂದು ಏಜೆಂಟ್ ಬರೆದಿದ್ದ ಮಿಂಚಂಚೆಯನ್ನು ಅಕ್ಕ ನನಗೂ ಕಳಿಸಿದ್ದಳು.

“ಅದ್ರಲ್ಲಿ ಏನಾದ್ರೂ ಇಂಪಾರ್ಟೆಂಟ್ ಇದ್ಯಾ?” ಎಂದು ಮೇಧಾ ಕೇಳಿದಳು.

ಆಟ ಶುರುವಾಗಲು ಇಪ್ಪತ್ತು ನಿಮಿಷವಿತ್ತು. ಹೇಳಿದರೆ ಅವಳ ಮನಸ್ಸು ಮುರಿದು ಬೀಳುತ್ತದೆ, ಆಡಿ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. “ಏನಿಲ್ಲ, ಅಡ್ರೆಸ್ಸು, ಎತ್ತರ, ಅಷ್ಟೇ” ಅಂದೆ. ಕಡೆಯ ಚೌಕಕ್ಕೆ ಗುರುತು ಹಾಕಿ ಕೊಟ್ಟುಬಿಟ್ಟೆ.

ಒಟ್ಟು ಮೂವತ್ತೊಂದು ಹುಡುಗಿಯರು, ಅದರಲ್ಲಿ ಗೋಲ್‌ಕೀಪರ್‌ಗಳು ನಾಲ್ವರು. ಕೀಪರ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಮಿಯಾಕೊಶಿ-ಸಾನ್ ಎಂಬ ಕೋಚ್. ನನ್ನ ವಯಸ್ಸಿನ, ಗಿಡ್ಡ ಕೂದಲಿನ ಹೆಂಗಸು. ಹಿಂದೆ ಇದೇ ತಂಡದ ಕೀಪರ್ ಆಗಿದ್ದವರು. ಬಲಗೈ ಕಿರುಬೆರಳು ಹೊರಕ್ಕೆ ಸೊಟ್ಟಗಾಗಿ ಹಾಗೇ ಕೂಡಿಕೊಂಡಿತ್ತು. ಬೆಳಗಿನ ಹೊತ್ತು ಸೂಪರ್ ಮಾರ್ಕೆಟ್ಟಿನಲ್ಲಿ ಮೀನು ಕತ್ತರಿಸುವ ಕೆಲಸ ಮಾಡುತ್ತಾರಂತೆ. ಎರಡೂವರೆ ಗಂಟೆ ಕಾಲ, ಮಂಜು ಬೆರೆತ ಮಳೆಯಲ್ಲಿ, ಅವರು ಚೆಂಡು ಒದ್ದರು, ಇವರು ಬಿದ್ದು ಹಿಡಿದರು. ನಾನು ಛತ್ರಿ ಹಿಡಿದು ತಂತಿ ಬೇಲಿಯಾಚೆ ನಿಂತಿದ್ದೆ. ಪಾದ ಮರಗಟ್ಟಿತ್ತು. ನನಗೆ ಆಟ ತಿಳಿಯದು. ಆದರೂ ಮೇಧಾ ಉಳಿದ ಮೂವರಿಗಿಂತ ಒಂದು ಗೇಣು ಎತ್ತರ ಇದ್ದಾಳೆ, ಎತ್ತರದ ಚೆಂಡುಗಳನ್ನೆಲ್ಲ ಸಲೀಸಾಗಿ ಹಿಡಿಯುತ್ತಿದ್ದಾಳೆ ಎನ್ನುವುದು ಕಾಣುತ್ತಿತ್ತು. “ಹಿದಾರಿ! ಹಿದಾರಿ!” ಎಂದು ಅವಳು ಕೂಗಿದಾಗ ಎಡಗಡೆಯ ಹುಡುಗಿ ತಿರುಗಿ ಓಡಿದಳು.

ಮಧ್ಯಾಹ್ನ ಎರಡು ಗಂಟೆಗೆ ಐದು ಜನರ ನಂಬರು ಕರೆದರು. ಇಪ್ಪತ್ತೇಳು ಅದರಲ್ಲಿತ್ತು. ಮೇಧಾ ನನ್ನ ತೋಳನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಸೀಮೆಎಣ್ಣೆ ಹೀಟರು ಉರಿಯುತ್ತಿದ್ದ ಸಣ್ಣ ಕೋಣೆಯಲ್ಲಿ ತಂಡದ ಮ್ಯಾನೇಜರು ಮತ್ತು ಮಿಯಾಕೊಶಿ-ಸಾನ್ ಕೂತಿದ್ದರು. ಮ್ಯಾನೇಜರು ಎದ್ದು ತಲೆಬಾಗಿ ಅಭಿನಂದಿಸಿದರು. ವಸತಿ ಇನ್ನಿಬ್ಬರ ಜೊತೆ ಹಂಚಿಕೊಳ್ಳಬೇಕು. ಟೊರೊಂಟೊಗೆ ಹೋಗಿ, ಒಂದು ವರ್ಷ ಇಲ್ಲಿ ಕೆಲಸ ಮಾಡಲು ಬಿಡುವ ವೀಸಾ ತೆಗೆದುಕೊಂಡು ಫೆಬ್ರವರಿಯಲ್ಲಿ ಬರಬೇಕು ಎಂದರು. ನಾನು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಮೇಧಾ ತಲೆಯಾಡಿಸುತ್ತಿದ್ದಳು. ಆಮೇಲೆ ಮ್ಯಾನೇಜರು ಫಾರಂ ತೆಗೆದು ಎರಡನೆಯ ಹಾಳೆ ಮಗುಚಿದರು. “ಯಾವ ಕೆಲಸವಾದರೂ ಸರಿ ಎಂದು ಬರೆದಿದ್ದೀರಿ, ಬಹಳ ಉಪಕಾರ. ಆರೈಕೆ ಕೇಂದ್ರದ ಬಟ್ಟೆ ಒಗೆಯುವ ವಿಭಾಗದಲ್ಲಿ ಜಾಗವಿದೆ. ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ” ಅಂದರು.

ನಾನು ಆ ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

“ಏನಂದ್ರು ಚಿಕ್ಕಮ್ಮ?” ಎಂದು ಮೇಧಾ ಕೇಳಿದಳು.

ಒಂದು ಕ್ಷಣ ಬೇರೇನಾದರೂ ಹೇಳಿಬಿಡುವ ಯೋಚನೆ ಬಂದದ್ದು ನಿಜ. ಆದರೆ ಹೀಟರಿನ ಆ ಬಿಸಿಯಲ್ಲಿ, ಅವಳ ಕೆಸರು ಮೆತ್ತಿದ ಮುಖದ ಎದುರು, ಎರಡನೆಯ ಸುಳ್ಳು ಹುಟ್ಟಲಿಲ್ಲ. ಅವರು ಹೇಳಿದ್ದನ್ನು ಇದ್ದಂತೆಯೇ ಹೇಳಿದೆ. ಚೌಕಕ್ಕೆ ಗುರುತು ಹಾಕಿದವಳು ನಾನೇ ಎನ್ನುವುದನ್ನೂ ಸೇರಿಸಿದೆ. ಅವಳು ನನ್ನನ್ನು ನೋಡಿದಳು, ಫಾರಂ ನೋಡಿದಳು. ಆಮೇಲೆ ಮ್ಯಾನೇಜರ ಕಡೆ ತಿರುಗಿ, ನಾಳೆ ಉತ್ತರ ಹೇಳಬಹುದೇ ಎಂದು ಇಂಗ್ಲಿಷಿನಲ್ಲಿ ತಾನೇ ಕೇಳಿದಳು.

ಹೋಟೆಲಿನ ಹತ್ತಿರದ ಊದೊನ್ ಅಂಗಡಿಯಲ್ಲಿ ಅವಳು ಬಿಸಿ ನೂಡಲ್ಸ್ ತರಿಸಿಕೊಂಡಳು. ಸಾರಿನಲ್ಲಿ ಮೀನು ಇರುತ್ತದೆಂದು ನಾನು ಬರೀ ಅನ್ನ, ಉಪ್ಪಿನಕಾಯಿ ತೆಗೆದುಕೊಂಡೆ. ಅರ್ಧ ಬಟ್ಟಲು ಮುಗಿಸಿದ ಮೇಲೆ ಅವಳು ಬಾಯಿ ಬಿಟ್ಟಳು.

“ಯಾಕೆ ಹೇಳ್ಲಿಲ್ಲ?”

“ಆಡೋಕೆ ಮುಂಚೆ ಹೇಳಿದ್ರೆ ನಿಂಗೆ ಬೇಜಾರಾಗತ್ತೆ ಅಂತ.”

“ನಂಗೆ ಯಾಕೆ ಬೇಜಾರು? ನಾನು ಮನೇಲಿ ಕಾಫಿ ಶಾಪಲ್ಲಿ ವರ್ಕ್ ಮಾಡ್ತೀನಿ, ಅಮ್ಮ ಹೇಳಿಲ್ವಾ? ಪ್ರೊ ಆಗಿದ್ದಾಗ್ಲೂ ಸಂಡೇಸ್ ಚಿಕ್ಕ ಮಕ್ಕಳಿಗೆ ಕೋಚಿಂಗ್ ಮಾಡ್ತಿದ್ದೆ. ಬಟ್ಟೆ ಒಗೆಯೋದು ಈಸ್ ನಥಿಂಗ್.” ಕಡ್ಡಿಗಳನ್ನು ಕೆಳಗಿಟ್ಟಳು. “ನಿಂಗೆ ಬೇಜಾರಾಯ್ತು. ಡಾಕ್ಟರೇಟ್ ಮಾಡಿರೋ ಚಿಕ್ಕಮ್ಮನ ನೀಸ್ ಲಾಂಡ್ರೀಲಿ ಕೆಲ್ಸ ಮಾಡ್ತಾಳೆ ಅಂತ.”

ಅದು ನಿಜವಾಗಿತ್ತು. ಫಾರಮ್ಮಿನ ಮೇಲೆ ನನ್ನ ಕೈ ನಿಂತಾಗ ನನ್ನ ಕಣ್ಣೆದುರು ಬಂದದ್ದು ಮೇಧಾಳಲ್ಲ; ಅಕ್ಕನಿಗೆ ಇದನ್ನು ಫೋನಿನಲ್ಲಿ ಹೇಗೆ ಹೇಳುವುದು ಎಂಬುದು. ತಪ್ಪಾಯಿತು ಅಂದೆ. ಸುಮಿಮಾಸೆನ್ ಎಂದು ದಿನಕ್ಕೆ ನೂರು ಸಲ ಹೇಳುವ ನಾಲಗೆಗೆ ಆ ಒಂದು ಕನ್ನಡದ ಮಾತು ಭಾರವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು, “ನಿಂದೂ ಒನ್ ಇಯರ್ ಕಾಂಟ್ರ್ಯಾಕ್ಟೇ ಅಲ್ವಾ?”

“ಹೂಂ. ಪ್ರತಿ ಮಾರ್ಚಿಗೂ ಹೊಸದು.”

“ಅದ್ರಲ್ಲಿ ಏನಿದೆ ಅಂತ ನೀನು ಓದಿ ಸೈನ್ ಮಾಡ್ತೀಯಾ?”

“ಓದ್ತೀನಿ.”

“ಹಾಗಾದ್ರೆ ನಂದೂ ನಾನೇ ಓದ್ಬೇಕು. ಬೇಜಾರಿದ್ರೂ.”

ಅಷ್ಟು ಹೇಳಿ ಅವಳು ನೂಡಲ್ಸ್ ಮುಗಿಸಿದಳು. ನನ್ನ ತಟ್ಟೆಯ ಉಪ್ಪಿನಕಾಯಿಯನ್ನೂ ತಿಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಹೊಟ್ಟೆ ಮಾತ್ರ ಹಸಿದಿತ್ತು.

ಭಾನುವಾರ ಬೆಳಿಗ್ಗೆ ಮಳೆ ನಿಂತಿತ್ತು. ಮೋಡ ಸರಿದು ದೂರದಲ್ಲಿ ಹಾಕುಸಾನ್ ಬೆಟ್ಟ ಹಿಮ ಹೊದ್ದು ಕಾಣಿಸಿತು. ಅಂದು ತಂಡಕ್ಕೆ ಒಂದು ಕಾಲೇಜಿನ ಹುಡುಗಿಯರ ಜೊತೆ ಅಭ್ಯಾಸ ಪಂದ್ಯವಿತ್ತು. ನಾವು ಎಂಟೂವರೆಗೇ ಹೋದೆವು. ಮಿಯಾಕೊಶಿ-ಸಾನ್ ಕಂಬಗಳಿಗೆ ಬಲೆ ಕಟ್ಟುತ್ತಿದ್ದರು. ಮೇಧಾ ನೇರವಾಗಿ ಅವರ ಬಳಿ ಹೋಗಿ ಬಲೆಯ ಇನ್ನೊಂದು ತುದಿ ಹಿಡಿದುಕೊಂಡಳು.

“ಚಿಕ್ಕಮ್ಮ, ನಾನು ಹೇಳಿದ್ದು ಎಗ್ಸ್ಯಾಕ್ಟ್ಲಿ ಹಾಗೇ ಕೇಳು,” ಅಂದಳು. “ಇಲ್ಲಿಗೆ ಬಂದ್ರೆ ನಂಗೆ ಆಡೋಕೆ ಸಿಗತ್ತಾ?”

ಕೇಳಿದೆ. ಒಂಬತ್ತು ವರ್ಷದಲ್ಲಿ ಈ ದೇಶದಲ್ಲಿ ‘ಇಲ್ಲ’ ಎಂಬ ಪದವನ್ನು ನೇರವಾಗಿ ಕೇಳಿದ್ದು ಬೆರಳೆಣಿಕೆಯಷ್ಟು ಸಲ. ‘ಸ್ವಲ್ಪ ಕಷ್ಟ’ ಎನ್ನುತ್ತಾರೆ, ತಲೆ ವಾಲಿಸುತ್ತಾರೆ, ಹಲ್ಲಿನ ಸಂದಿಯಲ್ಲಿ ಉಸಿರೆಳೆಯುತ್ತಾರೆ. ಮಿಯಾಕೊಶಿ-ಸಾನ್ ಬಲೆಯ ಗಂಟು ಬಿಗಿದು ಮುಗಿಸಿ ಮೇಧಾಳನ್ನೇ ನೋಡಿ ಹೇಳಿದರು: “ಇಲ್ಲ. ನಮ್ಮ ಮೊದಲ ಕೀಪರ್‌ಗೆ ಇಪ್ಪತ್ತಾರು ವರ್ಷ, ಗಟ್ಟಿಯಾಗಿದ್ದಾಳೆ. ನೀವು ಎರಡನೆಯವರು. ಒಳ್ಳೆಯ ಕೈ ನಿಮ್ಮದು. ಆದರೂ ವರ್ಷಪೂರ್ತಿ ಬೆಂಚಿನ ಮೇಲಿರುತ್ತೀರಿ. ನಾನೂ ನಾಲ್ಕು ವರ್ಷ ಹಾಗೆ ಇದ್ದೆ.”

ಒಂದು ಅಕ್ಷರವನ್ನೂ ಬಿಡದೆ ಹೇಳಿದೆ. ಮೇಧಾ ಬಲೆಯ ತುದಿಯನ್ನು ಕಂಬಕ್ಕೆ ಸಿಕ್ಕಿಸಿದಳು. ಆಮೇಲೆ, “ಹಾಗಾದ್ರೆ ಬೇಡ. ಥ್ಯಾಂಕ್ಸ್ ಹೇಳು. ಇವತ್ತು ಸ್ವಲ್ಪ ಆಡೋಕೆ ಬಿಡ್ತಾರಾ ಕೇಳು. ಸುಮ್ನೆ. ಯಾರೂ ಮಾರ್ಕ್ಸ್ ಹಾಕೋದು ಬೇಡ” ಅಂದಳು.

ಬೇಡವೆಂದು ಹೇಳಿದವಳಿಗೆ ಅವಕಾಶ ಕೊಡುವ ಅಗತ್ಯ ಅವರಿಗೇನೂ ಇರಲಿಲ್ಲ. ಮಿಯಾಕೊಶಿ-ಸಾನ್ ಹೋಗಿ ಮ್ಯಾನೇಜರ ಬಳಿ ಮಾತಾಡಿ ಬಂದು, ದ್ವಿತೀಯಾರ್ಧ ನಿಮ್ಮದು ಅಂದರು.

ನಲವತ್ತೈದು ನಿಮಿಷ. ಐದನೆಯ ನಿಮಿಷದಲ್ಲೇ ಮೇಧಾ ಮುಂದಕ್ಕೆ ಓಡಿ ಬಂದು ಚೆಂಡನ್ನು ಕೈತಪ್ಪಿಸಿಕೊಂಡಳು. ಖಾಲಿ ಗೋಲಿಗೆ ಅದು ಉರುಳಿಕೊಂಡು ಹೋಯಿತು. ಅವಳು ತಲೆ ತಗ್ಗಿಸಲಿಲ್ಲ. ಚೆಂಡನ್ನು ಬಲೆಯಿಂದ ತೆಗೆದು ಮಧ್ಯಕ್ಕೆ ಒದ್ದು ಮತ್ತೆ ಕಿರುಚತೊಡಗಿದಳು. ಆಮೇಲೆ ಹತ್ತಿರದಿಂದ ಬಂದ ಒಂದು ಹೊಡೆತವನ್ನು ಕಾಲಿನಿಂದ ತಡೆದಳು. ಕೊನೆಯ ಹೊತ್ತಿನಲ್ಲಿ ಮೂಲೆಗೆ ಹೋಗುತ್ತಿದ್ದ ಚೆಂಡೊಂದಕ್ಕೆ ಪೂರಾ ಉದ್ದಕ್ಕೆ ಹಾರಿದಳು. ಬೆರಳ ತುದಿ ತಾಗಿ ಚೆಂಡು ಕಂಬದಾಚೆ ಹೋಯಿತು. ಬಿದ್ದಲ್ಲೇ ಮಲಗಿ ನಗುತ್ತಿದ್ದಳು. ನಗುವ ಸದ್ದು ಬೇಲಿಯವರೆಗೆ ಕೇಳಿಸಿತು. ಕಾಲೇಜು ಬಿಟ್ಟ ಮೇಲೆ ಪೂರ್ತಿ ನಲವತ್ತೈದು ನಿಮಿಷ ಆಡಿದ್ದು ಅಂದೇ ಎಂದು ಆಮೇಲೆ ಹೇಳಿದಳು.

ಪಂದ್ಯ ಮುಗಿದ ಮೇಲೆ ಮಿಯಾಕೊಶಿ-ಸಾನ್ ಅವಳನ್ನು ಮತ್ತೆ ಗೋಲಿನ ಮುಂದೆ ನಿಲ್ಲಿಸಿದರು. ತಮ್ಮ ತಂಡಕ್ಕೆ ಬರದ ಹುಡುಗಿಗೆ, ಮುಂದಕ್ಕೆ ಓಡುವ ಮೊದಲು ಪಾದ ಹೇಗಿಡಬೇಕೆಂದು ಕಾಲು ಗಂಟೆ ತೋರಿಸಿದರು. ನನ್ನನ್ನು ಯಾರೂ ಕರೆಯಲಿಲ್ಲ. ಅನುವಾದ ಬೇಕಾಗಿರಲಿಲ್ಲ.

ಕೊಮಾತ್ಸು ನಿಲ್ದಾಣದಿಂದ ನಮ್ಮ ದಾರಿ ಬೇರೆ ಬೇರೆ. ಅವಳು ಶಿಂಕಾನ್‌ಸೆನ್‌ನಲ್ಲಿ ಟೋಕಿಯೋಗೆ ಹೋಗಿ ಮರುದಿನದ ವಿಮಾನ ಹಿಡಿಯಬೇಕು. ನಾನು ತ್ಸುರುಗಾ ಕಡೆಗೆ. ಟ್ಯಾಕ್ಸಿಯಲ್ಲಿ ಮುಂದೇನು ಎಂದು ಕೇಳಿದೆ. ಹ್ಯಾಮಿಲ್ಟನ್ ಕಡೆಯ ಒಂದು ಅರೆವೃತ್ತಿಪರ ತಂಡಕ್ಕೆ ಕೀಪರ್ ಬೇಕಾಗಿದೆಯಂತೆ. ಸಂಬಳ ಇಲ್ಲ, ಶಾಲೆಯ ಮೈದಾನ, ಆದರೆ ಮೊದಲ ಕೀಪರ್. ಇಷ್ಟು ದಿನ ಅದನ್ನು ಕೆಳಗಿನ ಮೆಟ್ಟಿಲು ಎಂದು ಬೇಡ ಅಂದುಕೊಂಡಿದ್ದಳು. ಫಿಸಿಯೋಥೆರಪಿಗೂ ಅರ್ಜಿ ಹಾಕುತ್ತಾಳಂತೆ. “ಎರಡೂ ಮಾಡ್ತೀನಿ. ಸುಸ್ತಾಗತ್ತೆ. ಆಗ್ಲಿ” ಅಂದಳು.

ಪ್ಲಾಟ್‌ಫಾರ್ಮಿನ ಗಾಜಿನ ಕೋಣೆಯಲ್ಲಿ ಕೂತು ಅವಳು ಭಾವನಿಗೆ ಫೋನು ಮಾಡಿದಳು. ಯಾವಾಗಲೂ ಅಪ್ಪನ ಜೊತೆ ಇಂಗ್ಲಿಷಿನಲ್ಲೇ ಮಾತಾಡುವವಳು. ಅಂದು ಮಾತ್ರ, ಪಕ್ಕದಲ್ಲಿ ನಾನಿದ್ದೆನೆಂದೋ ಏನೋ, ಪದಗಳನ್ನು ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು:

“ಅಪ್ಪಾ, ಅವರು ನನ್ನ ಕರೆದ್ರು. ನಾನೇ ಬೇಡ ಅಂದೆ.”

ಆ ಕಡೆಯಿಂದ ಭಾವ ಏನೋ ಕೇಳಿದರು. ಅವಳು, “ಹೂಂ, ಊಟ ಆಯ್ತು” ಅಂದಳು.

ಅವಳ ರೈಲು ಮೊದಲು ಬಂತು. ಚೀಲವನ್ನು ಒಳಗೆ ತಳ್ಳಲು ಇಬ್ಬರೂ ಸೇರಬೇಕಾಯಿತು. ಬಾಗಿಲು ಮುಚ್ಚುವ ಮೊದಲು ಬಗ್ಗಿ ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಮೈಗೆ ಕೆಸರಿನ, ರಬ್ಬರಿನ ವಾಸನೆಯಿತ್ತು. ರೈಲು ಹೊರಟಾಗ ಕಿಟಕಿಯಲ್ಲಿ ಹುಡುಕಿದೆ. ಸೀಟಿಗೆ ತಲೆಯಾನಿಸಿ ಆಗಲೇ ಕಣ್ಣು ಮುಚ್ಚಿದ್ದಳು, ಬೆರಳುಗಳ ಟೇಪು ಇನ್ನೂ ಬಿಚ್ಚಿರಲಿಲ್ಲ. ನಾನು ಮೇಲೆತ್ತಿದ ಕೈಯನ್ನು ರೈಲು ಪೂರ್ತಿ ದಾಟಿಹೋಗುವವರೆಗೆ ಹಾಗೇ ಹಿಡಿದಿದ್ದು, ನಂತರ ನನ್ನ ರೈಲಿಗಾಗಿ ಎದುರಿನ ಪ್ಲಾಟ್‌ಫಾರ್ಮಿನ ಮೆಟ್ಟಿಲು ಇಳಿದು ಹತ್ತಿದೆ.